ಹೊಲದ ತುಂಬ ಬೆಳೆ, ಸಾರಿಗೆ ಸೊಪ್ಪಿಲ್ಲ



ನಿನ್ನೆ ನಿಮ್ಮ ಮನೆಯಲ್ಲಿ ಏನು ಸಾರು? ಅದಕ್ಕೆ ಹಾಕಿದ ಸೊಪ್ಪು, ಕಾಯಿಪಲ್ಯ ಎಲ್ಲಿಂದ ಬಂತು? ಬೀಜ, ಗೊಬ್ಬರ, ಕೀಟಗಳ ಪುಟದಲ್ಲಿ ಅಡುಗೆಮನೆಯ ವಿಚಾರವೇಕೆ ಎಂದು ಕೇಳಬೇಡಿ. ಇದು ಬೇಸಾಯದ ವಿಚಾರವೇ. ನನಗೆ ಅದನ್ನು ತಿಳಿಸಿಕೊಟ್ಟವರು ಒಬ್ಬ ರೈತ ಮಹಿಳೆ.

ಕಳೆದ ವರ್ಷದ ಮುಂಗಾರಿನಲ್ಲಿ, ಒಂದು ಭಾನುವಾರ, ದಾವಣಗೆರೆ ಸೀಮೆಯ ಒಂದು ಊರಿಗೆ ಮೆಕ್ಕೆಜೋಳದ ಸೈನಿಕ ಹುಳು ನೋಡಲು ಹೋಗಿದ್ದೆ. 2018ರಲ್ಲಿ ನಮ್ಮ ರಾಜ್ಯದಲ್ಲೇ ದೇಶದಲ್ಲಿ ಮೊದಲು ಕಂಡ ಹುಳು ಅದು. ಊರ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಹಸಿರು. ಕೆಲಸ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಯಿತು. ಹೊಲದ ಯಜಮಾನರು ಊಟ ಮಾಡದೆ ಹೋಗಗೊಡಲಿಲ್ಲ. ತಟ್ಟೆಗೆ ಬಂದದ್ದು ಮುದ್ದೆ, ಹುಣಸೆ ಹುಳಿಯ ತಿಳಿಸಾರು, ಒಂದು ಈರುಳ್ಳಿ. ಆ ತಾಯಿ ನಾಚಿಕೊಂಡು ಹೇಳಿದರು:

"ಸಂತೆ ಮಂಗಳವಾರ ಸಾಹೇಬ್ರೆ. ತಂದಿದ್ದ ಕಾಯಿಪಲ್ಯ ಶುಕ್ರವಾರಕ್ಕೇ ಮುಗೀತು. ಮೊದ್ಲು ಹೊಲಕ್ಕೆ ಹೋದ್ರೆ ಮಡ್ಲು ತುಂಬ ಸೊಪ್ಪು ಕಿತ್ಕಂಡು ಬರ್ತಿದ್ವಿ. ನೀವು ಹೇಳಿದ ಕಳೆ ಔಷಧಿ ಹೊಡ್ದ ಮ್ಯಾಲೆ ಅದೂ ಇಲ್ಲ. ಸೊಸೆ ಬಸುರಿ. ಆಸ್ಪತ್ರೇಲಿ ಗುಳಿಗೆ ಕೊಟ್ಟು, ಸೊಪ್ಪು ತಿನ್ನು ಅಂತಾರೆ. ಎಲ್ಲಿಂದ ತರ್ಲಿ?"

ಆ ಔಷಧಿಯನ್ನು ಹೇಳಿದವನು ನಾನೇ. ತಲೆ ತಗ್ಗಿಸಿಕೊಂಡು ಉಂಡೆ.

ಹಸಿರಿನ ನಡುವೆ ಮರುಭೂಮಿ

ಒಳ್ಳೆಯ ಆಹಾರ ಕೈಗೆಟುಕದ ಪ್ರದೇಶಕ್ಕೆ ಹೊರದೇಶಗಳಲ್ಲಿ 'ಆಹಾರದ ಮರುಭೂಮಿ' ಎನ್ನುತ್ತಾರೆ. 1990ರ ದಶಕದ ಆರಂಭದಲ್ಲಿ ಸ್ಕಾಟ್‌ಲೆಂಡಿನಲ್ಲಿ ಹುಟ್ಟಿದ ಮಾತಿದು. ಅಮೆರಿಕದ ಹಳ್ಳಿಗಾಡಿನಲ್ಲಿ ಬಡ ಜನರು ವಾಸಿಸುವ ಕಡೆಯಿಂದ ದೊಡ್ಡ ದಿನಸಿ ಅಂಗಡಿ 10 ಮೈಲಿಗಿಂತ, ಅಂದರೆ ಸುಮಾರು 16 ಕಿ.ಮೀ.ಗಿಂತ ದೂರವಿದ್ದರೆ ಅದನ್ನು ಆ ಲೆಕ್ಕಕ್ಕೆ ಸೇರಿಸುತ್ತಾರೆ. ಮೆಕ್ಕೆಜೋಳವನ್ನೇ ಸಾವಿರಾರು ಎಕರೆ ಬೆಳೆಯುವ ಅಲ್ಲಿನ ಸೀಮೆಯಲ್ಲೂ ಇಂಥ ಊರುಗಳಿವೆ.

ನಮ್ಮ ಕಥೆ ಸ್ವಲ್ಪ ಬೇರೆ. ನಮ್ಮ ಹಳ್ಳಿಗಳಲ್ಲಿ ಸಂತೆ ಹಿಂದೆಯೂ ವಾರಕ್ಕೊಮ್ಮೆಯೇ ಇತ್ತು. ಆದರೆ ಸಂತೆಯಿಂದ ಸಂತೆಯವರೆಗೆ ಹಿತ್ತಲು ಮತ್ತು ಹೊಲ ಸಾರಿಗೆ ಒದಗುತ್ತಿದ್ದವು. ರಾಗಿ, ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ ಇರುತ್ತಿದ್ದವು. ಬಿತ್ತದೆ ಬೆಳೆದ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ ಸೊಪ್ಪು, ಕಿರಕಸಾಲೆ ಸೇರಿದರೆ ಬೆರಕೆ ಸೊಪ್ಪಿನ ಸಾರು. ಮನೆಯ ಹಿರಿಯರನ್ನು ಕೇಳಿ, ಹತ್ತಾರು ಹೆಸರು ಹೇಳುತ್ತಾರೆ. ಈಗ ಹೊಲದಲ್ಲಿ ಒಂದೇ ಬೆಳೆ. ಅದು ನೇರ ಮಂಡಿಗೆ ಹೋಗುತ್ತದೆ. ಅಲ್ಲಿ ಬಂದ ಹಣದಲ್ಲಿ ಊಟದ ಸಾಮಾನು ಪೇಟೆಯಿಂದ ಬರಬೇಕು.

ಕಳೆನಾಶಕವನ್ನು ನಾನು ಸುಮ್ಮನೆ ಹೇಳಲಿಲ್ಲ. ಆಳು ಸಿಗದ ಕಾಲದಲ್ಲಿ ಅದು ಎರಡು ಕಳೆ ಕೂಲಿಯನ್ನು ಉಳಿಸಿತು, ಇಳುವರಿ ಕಾಪಾಡಿತು. ಆದರೆ ಮೆಕ್ಕೆಜೋಳಕ್ಕೆ ಬಳಸುವ ಅಟ್ರಜಿನ್, ಅಗಲ ಎಲೆಯ ಕಳೆಯ ಜೊತೆಗೆ ಸಾರಿನ ಸೊಪ್ಪನ್ನೂ ಅಕ್ಕಡಿಯ ಅವರೆ, ಅಲಸಂದೆಯನ್ನೂ ಏಳಗೊಡುವುದಿಲ್ಲ. ಕೂಲಿಯ ಲೆಕ್ಕ ಹಾಕಿದ ನಾವು ಸಾರಿನ ಲೆಕ್ಕ ಹಾಕಲಿಲ್ಲ.

ಮನೆಗೆ ಎಷ್ಟು ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ಒಬ್ಬರಿಗೆ ದಿನಕ್ಕೆ ಸೊಪ್ಪು ತರಕಾರಿ ಸೇರಿ 400 ಗ್ರಾಂ ಬೇಕು. ಐದು ಜನರ ಮನೆಗೆ ದಿನಕ್ಕೆ 2 ಕಿಲೋ, ವಾರಕ್ಕೆ 14 ಕಿಲೋ. ಸಣ್ಣ ಮಕ್ಕಳಿಗೆ ಕಡಿಮೆ ಹಿಡಿದರೂ 10 ಕಿಲೋಗೆ ಮೋಸವಿಲ್ಲ. ನಿಮ್ಮ ಸಂತೆ ಚೀಲದ ತೂಕವನ್ನು ನೀವೇ ಅಂದಾಜು ಮಾಡಿ. ಅಷ್ಟನ್ನು ಕೊಂಡರೂ ಸೊಪ್ಪು ಎರಡು ದಿನಕ್ಕೆ ಬಾಡುತ್ತದೆ. ವಾರದ ಉಳಿದ ಐದು ದಿನ ಆಲೂಗಡ್ಡೆ, ಈರುಳ್ಳಿಯೇ ಗತಿ.

2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಯಲ್ಲಿ ಅಕ್ಕಿಗೆ ಕೊರತೆಯಿಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಎರಡೂ ಉಪಕಾರವೇ. ಆದರೆ ಪಡಿತರ ಅಂಗಡಿಯಲ್ಲಿ ಸೊಪ್ಪು ಕೊಡುವುದಿಲ್ಲ, ಬಸ್ಸೇ ಬಾರದ ಊರಿಗೆ ಉಚಿತ ಟಿಕೆಟ್ಟಿನಿಂದ ಲಾಭವಿಲ್ಲ.

ಫಲವೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ, ಐದು ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇದೆ ಎಂದು ಹೇಳಿತು. ಇದಕ್ಕೆ ಕಾರಣಗಳು ಹಲವು. ತಟ್ಟೆಯಲ್ಲಿ ಸೊಪ್ಪು, ಕಾಳು ಇಲ್ಲದಿರುವುದು ಅವುಗಳಲ್ಲೊಂದು. ಅದನ್ನು ಸರಿಪಡಿಸುವುದು ಬೇಸಾಯಗಾರರಾದ ನಮ್ಮ ಕೈಯಲ್ಲಿದೆ.

ಒಂದು ಗುಂಟೆ ಬಿಡಿ

ಎಕರೆಗೆ 40 ಗುಂಟೆ. ಅದರಲ್ಲಿ ಒಂದನ್ನು, ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗವನ್ನು ಮನೆಗಾಗಿ ಬಿಡಿ. ಮನೆಯ ಹಿತ್ತಲಾದರೆ ಉತ್ತಮ. ಕ್ರಮ ಹೀಗಿರಲಿ:

1. ಉತ್ತರದ ಅಂಚಿಗೆ 2 ನುಗ್ಗೆ, 1 ಕರಿಬೇವು, 2 ಪರಂಗಿ ಗಿಡ ಹಾಕಿ. ಆಗ ಮಡಿಗಳ ಮೇಲೆ ನೆರಳು ಬೀಳುವುದು ಕಡಿಮೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ 'ಭಾಗ್ಯ' ನುಗ್ಗೆ ಒಳ್ಳೆಯ ತಳಿ. ನುಗ್ಗೆಯ ಕಾಯಿಗಿಂತ ಅದರ ಸೊಪ್ಪು ಹೆಚ್ಚು ಬೆಲೆಯುಳ್ಳದ್ದು ಎಂಬುದನ್ನು ಮರೆಯಬೇಡಿ.

2. ಬೇಲಿಗೆ ಚಪ್ಪರದವರೆ, ಹೀರೆ, ಸೋರೆ ಹಬ್ಬಿಸಿ.

3. ಒಳಗೆ 10 ಅಡಿ ಉದ್ದ, 4 ಅಡಿ ಅಗಲದ 8 ಮಡಿ ಮಾಡಿ. ಎರಡೂ ಬದಿಯಿಂದ ನಡುವಿಗೆ ಕೈ ಎಟುಕಬೇಕು. ಮಡಿಗೆ 2 ಮಂಕರಿ ಕಳಿತ ತಿಪ್ಪೆಗೊಬ್ಬರ ಸಾಕು.

4. ನಾಲ್ಕು ಮಡಿ ಸೊಪ್ಪಿಗೆ: ದಂಟು, ಮೆಂತ್ಯ, ಪಾಲಕ್, ಸಬ್ಬಸಿಗೆ. ನಾಲ್ಕನ್ನೂ ಒಂದೇ ದಿನ ಬಿತ್ತಬೇಡಿ. ವಾರಕ್ಕೊಂದು ಮಡಿ ಬಿತ್ತಿದರೆ, ನಾಲ್ಕನೆಯ ವಾರದಿಂದ ಒಂದಲ್ಲ ಒಂದು ಮಡಿಯಲ್ಲಿ ಸೊಪ್ಪು ಇರುತ್ತದೆ. ದಂಟಿನ ಬೀಜ ಸಣ್ಣದು, ಮರಳಿನೊಂದಿಗೆ ಬೆರೆಸಿ ಎರಚಿ. ಹೆಸರಘಟ್ಟದ ಸಂಸ್ಥೆಯ 'ಅರ್ಕಾ ಸುಗುಣ' ದಂಟನ್ನು 25–30 ದಿನಕ್ಕೆ ಮೊದಲ ಸಲ ಕೊಯ್ದು, ಮತ್ತೆ ಚಿಗುರಿದಂತೆ ಹಲವು ಸಲ ಕೊಯ್ಯಬಹುದು.

5. ಉಳಿದ ನಾಲ್ಕು ಮಡಿಗೆ ಬದನೆ, ಟೊಮೆಟೊ, ಬೆಂಡೆ, ಚವಳಿಕಾಯಿ. ಬೆಂಡೆ ಸುಮಾರು 45–50 ದಿನಕ್ಕೆ ಕೊಯ್ಲಿಗೆ ಬರುತ್ತದೆ.

6. ಬಚ್ಚಲ ನೀರನ್ನು ಜಲ್ಲಿ, ಮರಳು ತುಂಬಿದ ಗುಂಡಿಯಲ್ಲಿ ಹಾಯಿಸಿ ಬಾಳೆ, ಪರಂಗಿ, ನುಗ್ಗೆಗೆ ಬಿಡಿ. ಸೊಪ್ಪಿನ ಮಡಿಗೆ ಒಳ್ಳೆಯ ನೀರೇ ಇರಲಿ.

7. ಹುಳು ಬಿದ್ದರೆ ಹೊಲಕ್ಕೆ ತಂದ ವಿಷವನ್ನು ಇಲ್ಲಿ ತರಬೇಡಿ. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿ ಹಾಕಿ, ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ, ಸಂಜೆ ಸಿಂಪಡಿಸಿ.

ಒಂದು ಗುಂಟೆಯಿಂದ ಮನೆಯ ಎಲ್ಲ ತರಕಾರಿಯೂ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಎರಡೂವರೆ ಗುಂಟೆ ಬೇಕು. ಆದರೆ ಸೊಪ್ಪಿಗೆ ಸಂತೆಯನ್ನು ಕಾಯುವುದು ತಪ್ಪುತ್ತದೆ.

ಹೊಲದಲ್ಲಿ ನಾಲ್ಕು ಸಾಲು

ಮೆಕ್ಕೆಜೋಳ ಬಿಡಿ ಎಂದು ಹೇಳಲು ನಾನು ಬಂದಿಲ್ಲ. ಸಾಲ ತೀರುವುದು ಅದರಿಂದಲೇ ಎಂಬುದು ಗೊತ್ತು. ಆದರೆ ಹೊಲದ ಒಂದು ಅಂಚಿನಲ್ಲಿ ನಾಲ್ಕು ಸಾಲಿಗೆ ಕಳೆನಾಶಕ ಹೊಡೆಯದೆ ಅವರೆ, ಅಲಸಂದೆ, ತೊಗರಿ ಹಾಕಿ. ಅಲ್ಲಿ ಎಡೆಕುಂಟೆಯಿಂದಲೇ ಕಳೆ ತೆಗೆಯಿರಿ. ಗಾಳಿ ಬೀಸುವ ದಿಕ್ಕು ನೋಡಿ, ಮೇಲ್ಗಾಳಿಯ ಅಂಚನ್ನೇ ಆರಿಸಿಕೊಳ್ಳಿ. ರಾಗಿ ಬೆಳೆಯುವವರು 8–10 ಸಾಲಿಗೆ 2 ಸಾಲು ತೊಗರಿ ಹಾಕುವ ಪದ್ಧತಿಯನ್ನು ಕೈಬಿಡಬೇಡಿ.

ಒಂದು ಎಚ್ಚರಿಕೆ: ಕಳೆನಾಶಕ, ಕೀಟನಾಶಕ ಹೊಡೆದ ಹೊಲದಲ್ಲಿ ಅಲ್ಲಲ್ಲಿ ಸೊಪ್ಪು ಎದ್ದಿದ್ದರೂ ಅದನ್ನು ಸಾರಿಗೆ ಕೀಳಬೇಡಿ. ಹೆಣ್ಣುಮಕ್ಕಳಿಗೆ ಯಾವ ಹೊಲಕ್ಕೆ ಯಾವಾಗ ಏನು ಹೊಡೆದಿರಿ ಎಂಬುದನ್ನು ಹೇಳುವುದು ಗಂಡಸರ ಕರ್ತವ್ಯ.

ಊರವರು ಸೇರಿ ಮಾಡಬೇಕಾದ್ದು

ಗೇಣು ಭೂಮಿ ಇಲ್ಲದವರೂ ಊರಲ್ಲಿದ್ದಾರೆ. ಅವರಿಗೆ ಊರಲ್ಲೇ ಸೊಪ್ಪು ಕೊಳ್ಳಲು ಸಿಗಬೇಕು. ಸಂವಿಧಾನದ 11ನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಮಾರುಕಟ್ಟೆ, ಜಾತ್ರೆಗಳೂ ಅವುಗಳಲ್ಲಿ ಸೇರಿವೆ. ಗ್ರಾಮಸಭೆಯಲ್ಲಿ ಕೇಳಿ: ಅಕ್ಕಪಕ್ಕದ ನಾಲ್ಕು ಊರಿಗೆ ಸೇರಿ ವಾರದ ನಡುವೆ ಇನ್ನೊಂದು ಸಂಜೆ ಸಂತೆ ಏಕೆ ಆಗಬಾರದು? ಒಂದು ಕಟ್ಟೆ, ಒಂದು ನೆರಳು, ಒಂದು ದೀಪವಿದ್ದರೆ ಸಾಕು. ಹಿತ್ತಲಲ್ಲಿ ಹೆಚ್ಚಾದ ಸೊಪ್ಪನ್ನು ಸ್ವಸಹಾಯ ಸಂಘದವರು ಅಲ್ಲಿ ಮಾರಬಹುದು.

ಈ ವರ್ಷ ಆ ಮನೆಗೆ ಮತ್ತೆ ಹೋಗಿದ್ದೆ. ಯಜಮಾನರು ಹೊಲದ ಅಂಚಿನಲ್ಲಿ ನಾಲ್ಕು ಸಾಲು ಬಿಟ್ಟಿದ್ದರು. "ಕಳೆ ತೆಗೆದು ಸೊಂಟ ಬಿತ್ತು" ಎಂದು ನನ್ನ ಮೇಲೆ ಸಿಡುಕಿದರು. ಒಳಗಿನಿಂದ ಅವರ ಮನೆಯವರು, "ಸಾರು ಉಣ್ಣಾಕೆ ಮಾತ್ರ ಎರಡು ಸಲ ನೀಡಿಸ್ಕಂತಾರೆ" ಎಂದರು. ಅಂದು ಶನಿವಾರ. ಸಂತೆಗೆ ಇನ್ನೂ ಮೂರು ದಿನವಿತ್ತು. ನನ್ನ ತಟ್ಟೆಯಲ್ಲಿ ಬೆರಕೆ ಸೊಪ್ಪಿನ ಸಾರಿತ್ತು. ಸೊಸೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಸಾರಿನಲ್ಲಿ ಉಣ್ಣುತ್ತಿದ್ದಳು.

ವಾಚನಾಲಯದಲ್ಲಿ ಇದನ್ನು ಓದಿದವರು ಮನೆಯಲ್ಲಿ ಅಮ್ಮನಿಗೆ, ಅತ್ತೆಗೆ, ಹೆಂಡತಿಗೆ ಓದಿ ಹೇಳಿ. ಹಿತ್ತಲಿನ ಗುಂಟೆಗೆ ಏನು ಹಾಕಬೇಕೆಂದು ಅವರೇ ತೀರ್ಮಾನಿಸಲಿ. ಮುಂದಿನ ಸಂತೆಯಲ್ಲಿ ಕಾಯಿಪಲ್ಯದ ಜೊತೆಗೆ ನಾಲ್ಕು ಬಗೆಯ ಸೊಪ್ಪಿನ ಬೀಜವನ್ನೂ ತನ್ನಿ.