ಮಳೆಗಾಲದಲ್ಲಿ ಮರದ ಪಾಲಿಶ್ ಬೆಳ್ಳಗಾಗುವುದೇಕೆ? ಕಣ್ಣಿಗೆ ಕಾಣದ ನೀರಹನಿಗಳ ಕರಾಮತ್ತು ಇದು

ಹೊಸ ಬಾಗಿಲಿಗೆ ಎನ್‌ಸಿ ಲ್ಯಾಕರ್ ಹೊಡೆದು ಹತ್ತು ನಿಮಿಷ ಕಳೆದಿರುವುದಿಲ್ಲ, ಮೇಲ್ಮೈ ಮಂಜು ಕವಿದಂತೆ ಬೆಳ್ಳಗಾಗಿಬಿಡುತ್ತದೆ. ಥಿನ್ನರ್ ಕಲಬೆರಕೆ ಎಂದು ಮನೆಯವರು, ಲ್ಯಾಕರ್ ಡಬ್ಬವೇ ಸರಿಯಿಲ್ಲ ಎಂದು ಪೇಂಟರ್. ಕೊನೆಗೆ ಉಜ್ಜಿ ಮತ್ತೆ ಹೊಡೆಯುವ ಕೂಲಿ ಯಾರ ತಲೆಗೆ ಎಂಬ ಜಗಳ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಮಾಮೂಲು. ಹೆಚ್ಚಿನ ಸಲ ಇದಕ್ಕೆ ಮುಖ್ಯ ಕಾರಣ ಗಾಳಿಯಲ್ಲಿರುವ ತೇವಾಂಶ.

ಲ್ಯಾಕರ್ ಎಂದರೆ ಥಿನ್ನರ್‌ನಲ್ಲಿ ಕರಗಿಸಿದ ಪಾಲಿಮರ್. ಎನ್‌ಸಿ ಎಂದರೆ ನೈಟ್ರೋಸೆಲ್ಯುಲೋಸ್; ಹತ್ತಿಯಂತಹ ಸೆಲ್ಯುಲೋಸ್‌ನಿಂದ ತಯಾರಾಗುವ ವಸ್ತು. ಥಿನ್ನರ್ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಶಾಖವನ್ನು ಎಳೆದುಕೊಳ್ಳುತ್ತದೆ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡಾಗ ತಣ್ಣಗಾಗುವುದು ಇದೇ ಕಾರಣಕ್ಕೆ. ಹಾಗೆ ತಣ್ಣಗಾದ ಪದರದ ಮೇಲೆ, ಫ್ರಿಜ್‌ನಿಂದ ತೆಗೆದ ಬಾಟಲಿಯ ಮೇಲೆ ಬೆವರು ಕೂರುವಂತೆ, ಸೂಕ್ಷ್ಮ ಹನಿಗಳು ಕೂರುತ್ತವೆ.

ಎಷ್ಟು ತಣ್ಣಗಾದರೆ ಸಾಕು? ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 85 ಇದ್ದರೆ ಇಬ್ಬನಿ ಕಟ್ಟುವ ಬಿಂದು ಸುಮಾರು 27 ಡಿಗ್ರಿ. ಮೂರೇ ಡಿಗ್ರಿ ಇಳಿದರೆ ನೀರು ಕೂತಿತು! ಅದೇ 30 ಡಿಗ್ರಿಯಲ್ಲಿ ತೇವಾಂಶ ಶೇ 40 ಇದ್ದರೆ ಮೇಲ್ಮೈ ಸುಮಾರು 15 ಡಿಗ್ರಿಯಷ್ಟು ತಣ್ಣಗಾಗಬೇಕು. ಒಂದೇ ಡಬ್ಬದ ಲ್ಯಾಕರ್ ಬೇಸಿಗೆಯಲ್ಲಿ ಹೊಳೆದು ಮಳೆಗಾಲದಲ್ಲಿ ಕೈಕೊಡುವುದರ ಗುಟ್ಟು ಇಲ್ಲಿದೆ.

ನೀರು ಸೇರಿದ ಕಡೆ ಪಾಲಿಮರ್ ಕರಗಿರಲಾರದೆ ಹನಿಯ ಸುತ್ತ ಗಟ್ಟಿಯಾಗುತ್ತದೆ. ಥಿನ್ನರ್ ಹೋದ ಮೇಲೆ ನೀರೂ ಆರಿಹೋಗುತ್ತದೆ, ಹನಿ ಕೂತಿದ್ದ ಗುಂಡಿ ಮಾತ್ರ ಉಳಿಯುತ್ತದೆ. ಆ ಲಕ್ಷಾಂತರ ಗುಂಡಿಗಳು ಬೆಳಕನ್ನು ಎಲ್ಲೆಡೆ ಚದುರಿಸುವುದರಿಂದ ಪದರ ಬೆಳ್ಳಗೆ ಕಾಣುತ್ತದೆ. ಅಲ್ಲಿ ಬಿಳಿ ಬಣ್ಣವೇನೂ ಇಲ್ಲ.

ಪೇಂಟರ್‌ಗೆ ತಲೆನೋವು, ವಿಜ್ಞಾನಿಗೆ ಜೇನುಗೂಡು

ಪೇಂಟರ್ ಶಪಿಸುವ ಈ ಗುಂಡಿಗಳನ್ನೇ ಬೇಕೆಂದು ಮಾಡುವವರಿದ್ದಾರೆ. 1994ರಲ್ಲಿ ಫ್ರಾನ್ಸ್‌ನ ಸಂಶೋಧಕರು ತೇವದ ಗಾಳಿಯಲ್ಲಿ ಒಂದು ಬಗೆಯ ಪಾಲಿಸ್ಟೈರೀನ್ ದ್ರಾವಣವನ್ನು ಒಣಗಿಸಿದಾಗ, ರಂಧ್ರಗಳು ಜೇನುಗೂಡಿನಂತೆ ಆರು ಮೂಲೆಯ ಸಾಲಿನಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಒಂದೇ ಗಾತ್ರದ ಹನಿಗಳು ಒಂದರೊಳಗೊಂದು ಬೆರೆಯದೆ ಒತ್ತೊತ್ತಾಗಿ ನಿಂತರೆ ಹೀಗಾಗುತ್ತದೆ. ತಟ್ಟೆಯಲ್ಲಿ ಗೋಲಿಗಳನ್ನು ಹರಡಿ ಅಲ್ಲಾಡಿಸಿ ನೋಡಿದರೆ ಅದೇ ಜೋಡಣೆ ಕಾಣುತ್ತದೆ.

2001ರಲ್ಲಿ ಮೋಹನ್ ಶ್ರೀನಿವಾಸರಾವ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು ಹೆಜ್ಜೆ ತೋರಿಸಿದರು. ದ್ರಾವಕ ನೀರಿಗಿಂತ ಹಗುರವಾಗಿದ್ದರೆ ಹನಿಗಳು ಮುಳುಗಿ, ಅವುಗಳ ಮೇಲೆ ಮತ್ತೊಂದು ಸಾಲು ಕೂತು, ಪದರದ ಮೇಲೆ ಪದರವಾಗಿ ರಂಧ್ರಗಳು ಮೂಡುತ್ತವೆ. ದ್ರಾವಕ ಭಾರವಾಗಿದ್ದರೆ ಹನಿಗಳು ತೇಲಿ ಒಂದೇ ಸಾಲು ಉಳಿಯುತ್ತದೆ. ಇಂತಹ ಹಾಳೆಗಳನ್ನು ಸೋಸುವ ಪೊರೆಗಳಿಗೆ, ಜೀವಕೋಶ ಬೆಳೆಸುವ ತಳಕ್ಕೆ ಬಳಸಲು ಪ್ರಯೋಗಗಳು ನಡೆದಿವೆ.

ಕೊಂಡಪಲ್ಲಿ, ಚನ್ನಪಟ್ಟಣದ ಬೊಂಬೆಗಳ ಕಥೆ ಬೇರೆ

ನಮ್ಮ ಕೃಷ್ಣೆ ಸಮುದ್ರ ಸೇರುವ ಮೊದಲು ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂ ಬಳಿ ಹಾದುಹೋಗುತ್ತಾಳೆ. ಗೋದಾವರಿಯ ನೀರು ಅವಳನ್ನು ಸೇರುವ ಪವಿತ್ರ ಸಂಗಮ ಇರುವುದೂ ಅಲ್ಲೇ. ಹತ್ತಿರದಲ್ಲಿರುವ ಕೊಂಡಪಲ್ಲಿ ಹಗುರವಾದ ಪೊನಿಕಿ ಮರದ ಬೊಂಬೆಗಳಿಗೆ ಹೆಸರುವಾಸಿ. ಅಲ್ಲಿ ಗಿಡಮೂಲಿಕೆ ಬಣ್ಣಗಳ ಜೊತೆಗೆ ಎನಾಮೆಲ್ ಪೇಂಟ್ ಕೂಡ ಬಳಕೆಗೆ ಬಂದಿದೆ. ಎನಾಮೆಲ್‌ಗೆ ಬೆರೆಸುವ ಟರ್ಪಂಟೈನ್ ನಿಧಾನವಾಗಿ ಆರುವುದರಿಂದ ಮೇಲ್ಮೈ ಅಷ್ಟು ತಣ್ಣಗಾಗುವುದಿಲ್ಲ. ಹಾಗಾಗಿ ಎನ್‌ಸಿ ಲ್ಯಾಕರ್‌ಗೆ ಬರುವಷ್ಟು ಸುಲಭವಾಗಿ ಅದಕ್ಕೆ ಈ ಬಿಳಿ ಮಂಜು ಬರುವುದಿಲ್ಲ.

ಚನ್ನಪಟ್ಟಣದವರಿಗಂತೂ ಈ ಚಿಂತೆಯೇ ಇಲ್ಲ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಅಂಟಿಕೊಳ್ಳುತ್ತದೆ. ಥಿನ್ನರ್ ಇಲ್ಲ, ಆವಿಯಾಗುವ ಮಾತಿಲ್ಲ. ಮೇಲ್ಮೈ ಬಿಸಿಯಾಗಿರುವಾಗ ಹನಿ ಕೂರುವುದಾದರೂ ಎಲ್ಲಿ?

ಬಿಳಿಯಾದ ಪಾಲಿಶ್‌ಗೆ ಪರಿಹಾರವೇನು?

ತಕ್ಷಣ ಉಜ್ಜಿ ತೆಗೆಯಬೇಕಿಲ್ಲ. ನಿಧಾನವಾಗಿ ಆರುವ ‘ರಿಟಾರ್ಡರ್’ ಥಿನ್ನರ್ ಅನ್ನು ತೆಳ್ಳಗೆ ಸ್ಪ್ರೇ ಮಾಡಿದರೆ ಪಾಲಿಮರ್ ಮತ್ತೆ ಮೆತ್ತಗಾಗಿ, ಗುಂಡಿಗಳು ಮುಚ್ಚಿಕೊಂಡು ಹೊಳಪು ಮರಳುವುದುಂಟು. ಅಗ್ಗದ ಥಿನ್ನರ್‌ಗಳಲ್ಲಿ ಬೇಗ ಆರುವ ದ್ರಾವಕ ಹೆಚ್ಚಿದ್ದರೆ ತೊಂದರೆಯೂ ಹೆಚ್ಚು, ಆ ಮಟ್ಟಿಗೆ ಮನೆಯವರ ಅನುಮಾನ ಸುಳ್ಳಲ್ಲ. ಮಳೆ ಬಿಟ್ಟ ದಿನ, ತೇವಾಂಶ ಕಡಿಮೆಯಿರುವ ಮಧ್ಯಾಹ್ನ ಕೆಲಸ ಹಚ್ಚಿಕೊಳ್ಳುವುದು, ದಪ್ಪ ಕೋಟ್ ಬದಲು ತೆಳು ಕೋಟ್‌ಗಳನ್ನು ಹೊಡೆಯುವುದು ಒಳ್ಳೆಯದು.

ತೇವ ಒಳಗೆ ಬಾರದಿರಲಿ ಎಂದು ಬಾಗಿಲು, ಕಿಟಕಿ ಮುಚ್ಚಿ ಲ್ಯಾಕರ್ ಹೊಡೆಯುವುದು ಮಾತ್ರ ಅಪಾಯ. ಥಿನ್ನರ್ ಆವಿಗೆ ಒಂದು ಕಿಡಿ ಸಾಕು, ಕೋಣೆಯೇ ಹೊತ್ತಿಕೊಳ್ಳಬಹುದು.