ಕಣ್ಣಿನ ಅಂಗಾಂಶಗಳಲ್ಲಿ ಪೊಟ್ಯಾಶಿಯಂ ಹಾಗೂ ಇತರ ಖನಿಜಗಳ ಪಾತ್ರ
(ಗ್ರಾಮ ಪಂಚಾಯತ್ ಸದಸ್ಯರ ಮಾಹಿತಿಗಾಗಿ)

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದಲ್ಲಿ ಹಾಗೂ ಅದರ ಹಿಂದಿರುವ ಮಸೂರದಲ್ಲಿ ರಕ್ತನಾಳಗಳಿರುವುದಿಲ್ಲ. ಇವೆರಡೂ ತಿಳಿಯಾಗಿ ಉಳಿದರೆ ಮಾತ್ರ ಬೆಳಕು ಒಳಗಿನ ಅಕ್ಷಿಪಟಲವನ್ನು ತಲುಪುತ್ತದೆ. ಈ ತಿಳಿತನವನ್ನು ಕಾಯುವುದರಲ್ಲಿ ಖನಿಜಗಳ ಸಮತೋಲನಕ್ಕೆ ಮುಖ್ಯ ಪಾತ್ರವಿದೆ.

ಪೊಟ್ಯಾಶಿಯಂ ಮತ್ತು ಸೋಡಿಯಂ: ಮಸೂರದ ಜೀವಕೋಶಗಳ ಒಳಗೆ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಡಿಮೆ; ಹೊರಗಿನ ದ್ರವದಲ್ಲಿ ಇದರ ವಿಲೋಮ. ಕೋಶದ ಹೊರಪದರದಲ್ಲಿರುವ ಸೂಕ್ಷ್ಮ ಪಂಪುಗಳು ಪ್ರತಿ ಬಾರಿಯೂ 3 ಸೋಡಿಯಂ ಕಣಗಳನ್ನು ಹೊರಹಾಕಿ 2 ಪೊಟ್ಯಾಶಿಯಂ ಕಣಗಳನ್ನು ಒಳಕ್ಕೆ ತರುತ್ತವೆ. ಪಂಪು ಸೋತರೆ ಸೋಡಿಯಂನೊಡನೆ ನೀರೂ ಒಳನುಗ್ಗಿ ಮಸೂರವು ಊದಿ ಮಸುಕಾಗುತ್ತದೆ. ಕಣ್ಣಿನ ಪೊರೆಯ ಒಂದು ಬಗೆ ಇದೇ. ವಯಸ್ಸು, ಮಧುಮೇಹ ಮುಂತಾದವು ಇದಕ್ಕೆ ಕಾರಣವೇ ಹೊರತು ಆಹಾರದಲ್ಲಿ ಪೊಟ್ಯಾಶಿಯಂ ಕಡಿಮೆಯಾದುದಲ್ಲ. ಆದುದರಿಂದ ಪೊಟ್ಯಾಶಿಯಂ ಮಾತ್ರೆಯಿಂದ ಪೊರೆ ಕರಗದು. ಬಲಿತ ಪೊರೆಗೆ ಶಸ್ತ್ರಚಿಕಿತ್ಸೆಯೇ ಪರಿಹಾರ. ಮೂತ್ರಪಿಂಡದ ತೊಂದರೆಯಿರುವವರಲ್ಲಿ ಪೊಟ್ಯಾಶಿಯಂ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಅಂಥವರು ಎಳನೀರನ್ನೂ ವೈದ್ಯರ ಸಲಹೆಯಂತೆಯೇ ಸೇವಿಸತಕ್ಕದ್ದು.

ಸತು: ಯಕೃತ್ತಿನಲ್ಲಿ ಸಂಗ್ರಹವಾಗಿರುವ ಎ ಜೀವಸತ್ವವು ಕಣ್ಣನ್ನು ತಲುಪಲು ಸತು ಬೇಕು. ಇದರ ತೀವ್ರ ಕೊರತೆಯಿಂದ ಮಬ್ಬು ಬೆಳಕಿನ ದೃಷ್ಟಿ ಕುಂದುತ್ತದೆ. ಮೀನು, ಮೊಟ್ಟೆ, ಬೇಳೆಕಾಳುಗಳಲ್ಲಿ ಸತು ದೊರೆಯುತ್ತದೆ.

ಸುಣ್ಣ: ದೇಹಕ್ಕೆ ಕ್ಯಾಲ್ಸಿಯಂ ಅಗತ್ಯ, ಆದರೆ ಅದೇ ಕ್ಯಾಲ್ಸಿಯಂ ಸುಣ್ಣದ ರೂಪದಲ್ಲಿ ಕಣ್ಣಿಗೆ ಬಿದ್ದರೆ ಘೋರ ಹಾನಿಯಾಗುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು ಹಾಗೂ 1 ಕೆ.ಜಿ. ಸುಣ್ಣ ಬೇಕಾಗುತ್ತದೆ. ಸುಣ್ಣವನ್ನು ಅರಳಿಸುವಾಗ ಬಿಸಿ ಸುಣ್ಣವು ಸಿಡಿಯುತ್ತದೆ. ಮೇಲ್ಮುಖವಾಗಿ ಸಿಂಪಡಿಸುವಾಗ ದ್ರಾವಣವು ಮುಖಕ್ಕೆ ಬೀಳುತ್ತದೆ. ಸುಣ್ಣದ ಕ್ಷಾರವು ಕೋಶಗಳ ಕೊಬ್ಬಿನ ಪದರವನ್ನು ಕರಗಿಸಿ ಒಳಕ್ಕಿಳಿಯುವುದರಿಂದ ಕಾರ್ನಿಯಾ ಶಾಶ್ವತವಾಗಿ ಬೆಳ್ಳಗಾಗಬಹುದು. ಎಲೆ ಅಡಿಕೆಯ ಸುಣ್ಣದ ಡಬ್ಬಿಯಿಂದ ಮಕ್ಕಳಿಗೂ ಇದೇ ಅಪಾಯವಿದೆ.

ಮಳೆಗಾಲಕ್ಕೆ ಮುನ್ನ ನಡೆಯುವ ಗ್ರಾಮಸಭೆ ಹಾಗೂ ವಾರ್ಡುಸಭೆಗಳಲ್ಲಿ ಸದಸ್ಯರು ಕೆಳಗಿನ ಅಂಶಗಳನ್ನು ತಿಳಿಯಪಡಿಸುವುದು:

1. ಸುಣ್ಣ ಅರಳಿಸುವವರೂ ಸಿಂಪಡಿಸುವವರೂ ಕಣ್ಣನ್ನು ಪೂರ್ತಿ ಮುಚ್ಚುವ ರಕ್ಷಣಾ ಕನ್ನಡಕ ಧರಿಸಬೇಕು. ಕೆಲಸದ ಸ್ಥಳದಲ್ಲಿ ಶುದ್ಧ ನೀರು ಸಿದ್ಧವಿರಬೇಕು.

2. ಸುಣ್ಣ ಬಿದ್ದ ಕೂಡಲೇ ಅಲ್ಲಿಯೇ ರೆಪ್ಪೆಗಳನ್ನು ಬಿಡಿಸಿ, ಕನಿಷ್ಠ 30 ನಿಮಿಷ ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣನ್ನು ಉಜ್ಜಬಾರದು.

3. ಎದೆಹಾಲು, ಎಣ್ಣೆ, ನಿಂಬೆರಸ ಇತ್ಯಾದಿ ಏನನ್ನೂ ಹಾಕದೆ, ತೊಳೆದ ನಂತರ ತಡಮಾಡದೆ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಬೇಕು.

4. ದೃಷ್ಟಿ ಮಂಜಾದ ಹಿರಿಯರನ್ನೂ ಮಧುಮೇಹಿಗಳನ್ನೂ ಆಶಾ ಕಾರ್ಯಕರ್ತೆಯರ ಮೂಲಕ ನೇತ್ರ ತಪಾಸಣೆಗೆ ಕಳುಹಿಸಬೇಕು.

ಪೊರೆಯಿಂದ ಮಸುಕಾದ ದೃಷ್ಟಿಯನ್ನು ಶಸ್ತ್ರಚಿಕಿತ್ಸೆಯಿಂದ ಬಹುಪಾಲು ಮರಳಿ ಪಡೆಯಬಹುದು. ಸುಣ್ಣದಿಂದ ಸುಟ್ಟ ಕಣ್ಣಿನ ಭವಿಷ್ಯವಾದರೋ ಮೊದಲ ಕೆಲವು ನಿಮಿಷಗಳಲ್ಲಿ ಸುರಿದ ನೀರನ್ನೇ ಬಹುಮಟ್ಟಿಗೆ ಅವಲಂಬಿಸಿರುತ್ತದೆ.