ಹಬ್ಬದ ಮೇಜಿಗೆ ಗಾಜಿನ ಹೂಜಿ

ಕ್ರಿಸ್ತಜಯಂತಿ ಸಮೀಪಿಸಿತೆಂದರೆ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಗೋದಲಿಯ ಸಿದ್ಧತೆಯೊಡನೆ ಅಡುಗೆಮನೆಯ ಸಿದ್ಧತೆಯೂ ಆರಂಭವಾಗುತ್ತದೆ. ಕೇಕು, ಕಲ್‌ಕಲ್, ರೋಸ್ ಕುಕ್ಕಿಗಳ ಜೊತೆಗೆ ಅನೇಕ ಮನೆಗಳಲ್ಲಿ ಕೆಂಪು ದ್ರಾಕ್ಷಾರಸಕ್ಕೂ ಒಂದು ಸ್ಥಾನವುಂಟು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಸೀಮೆಗೆ ಹೆಸರು ತಂದಿರುವ, 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ‘ಬೆಂಗಳೂರು ನೀಲಿ’ ದ್ರಾಕ್ಷಿಯೇ ಈ ಪಾನೀಯದ ಮೂಲ. ಆದರೆ ಅದನ್ನು ಅತಿಥಿಗಳ ಮುಂದಿಡುವ ಪಾತ್ರೆ ಎಂತಹುದಿರಬೇಕು ಎಂಬ ವಿಚಾರಕ್ಕೆ ಬಂದಾಗ ನಾವು ಅಂದವನ್ನು ನೋಡುತ್ತೇವೆಯೇ ಹೊರತು ಆರೋಗ್ಯವನ್ನು ನೋಡುವುದಿಲ್ಲ. ಇಂಗ್ಲಿಷರು ಡಿಕ್ಯಾಂಟರ್ ಎಂದು ಕರೆಯುವ, ನಮ್ಮವರು ಗಾಜಿನ ಹೂಜಿ ಎನ್ನಬಹುದಾದ ಈ ಪಾತ್ರೆಯ ಬಗ್ಗೆ ಕೆಲವು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ಹೂಜಿಯ ಕೆಲಸವೇನು?

ಹೂಜಿಗೆ ಎರಡು ಕೆಲಸಗಳಿವೆ. ಮೊದಲನೆಯದು, ತಿಳಿಯನ್ನು ಗಷ್ಟಿನಿಂದ ಬೇರ್ಪಡಿಸುವುದು. ಮನೆಯಲ್ಲಿ ಹುದುಗಿಸಿದ ದ್ರಾಕ್ಷಾರಸದ ತಳದಲ್ಲಿ ಯೀಸ್ಟ್ ಹಾಗೂ ಹಣ್ಣಿನ ತಿರುಳಿನ ಗಷ್ಟು ನಿಲ್ಲುತ್ತದೆ. ಹಲವು ವರ್ಷ ಇರಿಸಿದ ಕೆಂಪು ದ್ರಾಕ್ಷಾರಸದಲ್ಲೂ ಬಣ್ಣ ಮತ್ತು ಒಗರಿನ ಅಂಶಗಳು ಕೂಡಿ ತಳಕ್ಕಿಳಿಯುತ್ತವೆ. ಅದು ಲೋಟಕ್ಕೆ ಬಂದರೆ ಬಗ್ಗಡವಾಗಿ ಕಹಿಯೆನಿಸುತ್ತದೆ. ಪ್ರವಾದಿ ಯೆಶಾಯನ ಗ್ರಂಥದ 25ನೆಯ ಅಧ್ಯಾಯದಲ್ಲಿ ಪ್ರಭು ಸಕಲ ಜನಾಂಗಗಳಿಗೆ ಸಿದ್ಧಪಡಿಸುವ ಔತಣದ ವರ್ಣನೆಯಲ್ಲಿಯೂ ಗಷ್ಟು ಸೋಸಿದ ದ್ರಾಕ್ಷಾರಸದ ಮಾತು ಬರುತ್ತದೆಂಬುದು ಇಲ್ಲಿ ಸ್ಮರಣೀಯ.

ಎರಡನೆಯದು, ಗಾಳಿಯಾಡಿಸುವುದು. ಹೊಸ ದ್ರಾಕ್ಷಾರಸದ ಒಗರು ಗಾಳಿಯ ಸಂಪರ್ಕದಿಂದ ಸ್ವಲ್ಪ ಮೃದುವಾಗುತ್ತದೆ. ಅಂಗಡಿಯಿಂದ ತಂದ ಗಾಢವಾದ ಕೆಂಪು ವೈನಿಗೆ ಅರ್ಧ ಗಂಟೆಯಿಂದ ಒಂದು ಗಂಟೆಯ ಅವಧಿ ಸಾಕು. ನಮ್ಮ ಬೆಂಗಳೂರು ನೀಲಿಯ ಪಾನೀಯದಲ್ಲಿ ಒಗರು ಕಡಿಮೆ. ಅದರ ಸೊಗಸೆಲ್ಲ ಪರಿಮಳದಲ್ಲಿದೆ. ಬಹಳ ಹೊತ್ತು ತೆರೆದಿಟ್ಟರೆ ಆ ಪರಿಮಳವೇ ಹಾರಿಹೋಗುತ್ತದೆ. ಆದುದರಿಂದ ಊಟಕ್ಕೆ ಕುಳಿತುಕೊಳ್ಳುವ ಮುನ್ನ ಸುರಿದರೆ ಸಾಕು. ಫ್ರಾನ್ಸಿನ ಬೋರ್ಡೊ ನಗರದ ಪ್ರಸಿದ್ಧ ದ್ರಾಕ್ಷಾರಸ ತಜ್ಞ ಎಮಿಲ್ ಪೇನೊ ಅವರೂ ಗಷ್ಟು ಇದ್ದರೆ ಮಾತ್ರ, ಅದೂ ಬಡಿಸುವ ಹೊತ್ತಿಗೆ ಸರಿಯಾಗಿ ಸುರಿಯಬೇಕೆಂಬ ಅಭಿಪ್ರಾಯದವರಾಗಿದ್ದರು.

ಹೊಳೆಯುವ ಗಾಜಿನ ಅಪಾಯ

ಹಬ್ಬದ ದಿನ ಕೆಲವರು ಕಪಾಟಿನಿಂದ ಹಿರಿಯರ ಕಾಲದ ಕೆತ್ತನೆಯ ಸ್ಫಟಿಕ ಗಾಜಿನ ಹೂಜಿಯನ್ನು ಹೊರತೆಗೆಯುತ್ತಾರೆ. 2001ರ ಫೆಬ್ರುವರಿ 28ರಂದು ಮುಚ್ಚಿದ ಚಿನ್ನದ ಗಣಿಯ ದಿನಗಳ ನೆನಪಾಗಿ ಕೆ.ಜಿ.ಎಫ್. ಕಡೆಯ ಮನೆಗಳಲ್ಲಿ ಇಂತಹ ವಸ್ತುಗಳು ಉಳಿದಿರಲೂಬಹುದು. ಇಲ್ಲಿಯೇ ಎಚ್ಚರ ಅಗತ್ಯ. ಲಂಡನ್ನಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ 1674ರಲ್ಲಿ ಹೊಸ ಬಗೆಯ ಗಾಜಿಗೆ ಪೇಟೆಂಟ್ ಪಡೆದು, ಮುಂದೆ ಸೀಸದ ಆಕ್ಸೈಡ್ ಬೆರೆಸಿದ ಗಾಜನ್ನು ರೂಢಿಗೆ ತಂದರು. ಅದರ ತೂಕ, ಹೊಳಪು, ತಟ್ಟಿದಾಗ ಗಂಟೆಯಂತೆ ಮೊಳಗುವ ನಾದ, ಎಲ್ಲಕ್ಕೂ ಕಾರಣ ಸೀಸವೇ. ಯುರೋಪಿನಲ್ಲಿ 1969ರಲ್ಲಿ ರೂಪುಗೊಂಡ ನಿಯಮದಂತೆ ಸೀಸದ ಸ್ಫಟಿಕವೆಂಬ ಹೆಸರಿಗೆ ಶೇಕಡ 24ರಷ್ಟಾದರೂ ಸೀಸದ ಆಕ್ಸೈಡ್ ಇರಬೇಕು.

ದ್ರಾಕ್ಷಾರಸದ ಹುಳಿ ಈ ಸೀಸವನ್ನು ಕರಗಿಸಿಕೊಳ್ಳುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಾಜಿಯಾನೊ ಮತ್ತು ಬ್ಲಮ್ ಎಂಬ ಸಂಶೋಧಕರು 1991ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಲೀಟರಿಗೆ 89 ಮೈಕ್ರೋಗ್ರಾಂ ಸೀಸವಿದ್ದ ಪೋರ್ಟ್ ವೈನನ್ನು ಸ್ಫಟಿಕ ಹೂಜಿಯಲ್ಲಿ ನಾಲ್ಕು ತಿಂಗಳು ಇರಿಸಿದಾಗ ಅದು 3,518 ಮೈಕ್ರೋಗ್ರಾಂಗೆ ಏರಿತ್ತು. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ನಿಗದಿಯಾಗಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಮಾತ್ರ ಎಂಬುದನ್ನು ನೆನೆದರೆ ಅಪಾಯದ ಗಾತ್ರ ಅರಿವಾಗುತ್ತದೆ. ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೂ ಗರ್ಭದಲ್ಲಿರುವ ಶಿಶುವಿಗೂ ಅದು ವಿಶೇಷವಾಗಿ ಹಾನಿಕರ. ಹಣ್ಣಿನ ರಸವೂ ಹುಳಿಯೇ ಆದ್ದರಿಂದ ಮಕ್ಕಳಿಗೆ ಕೊಡುವ ದ್ರಾಕ್ಷಿರಸವನ್ನೂ ಅಂತಹ ಪಾತ್ರೆಯಲ್ಲಿ ಇಡಬಾರದು.

ಹಿರಿಯರ ವಸ್ತುವನ್ನು ಎಸೆಯಬೇಕಾಗಿಲ್ಲ. ಅದನ್ನು ಅಲಂಕಾರಕ್ಕಾಗಿ ಕಪಾಟಿನಲ್ಲಿಯೇ ಉಳಿಸಿ, ಕುಡಿಯುವುದನ್ನು ಬೇರೆ ಪಾತ್ರೆಯಿಂದ ಬಡಿಸಿರಿ. ಬಡಿಸಿ ಮಿಕ್ಕಿದ್ದನ್ನು ಬಿರಡೆ ಹಾಕಿ ತಿಂಗಳುಗಟ್ಟಲೆ ಅದರಲ್ಲಿ ಬಿಡುವ ರೂಢಿಯನ್ನಂತೂ ಕೈಬಿಡಲೇಬೇಕು. ಹಳೆಯ ಮೆರುಗಿನ ಮಣ್ಣಿನ ಪಾತ್ರೆಗಳ ಲೇಪದಲ್ಲೂ ಸೀಸವಿರಬಹುದು; ಹುದುಗಿಸಲು ಅವೂ ಬೇಡ.

ಕೊಳ್ಳುವಾಗ

ದುಬಾರಿ ಹೂಜಿಯ ಅಗತ್ಯ ಯಾರಿಗೂ ಇಲ್ಲ. ಮುಳಬಾಗಿಲು ತಾಲ್ಲೂಕಿನ ತಾಯಲೂರಿನಂತಹ ಊರಿನಲ್ಲಿರುವ ಕುಟುಂಬಕ್ಕೂ ತಾಲ್ಲೂಕು ಕೇಂದ್ರದ ಪಾತ್ರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಗಾಜಿನ ನೀರಿನ ಹೂಜಿ ಸಾಕು. ಬೆಲೆ ಕೆಲವು ನೂರು ರೂಪಾಯಿಗಳಷ್ಟೆ. ಸೋಡಾ ಮತ್ತು ಸುಣ್ಣದಿಂದ ತಯಾರಾಗುವ ಸಾಮಾನ್ಯ ಗಾಜು, ಬಿಸಿಯನ್ನೂ ತಾಳುವ ಬೋರೋಸಿಲಿಕೇಟ್ ಗಾಜು, ಎರಡೂ ಈ ಕೆಲಸಕ್ಕೆ ಒಪ್ಪುತ್ತವೆ. ಕೊಳ್ಳುವಾಗ ನಾಲ್ಕು ಸಂಗತಿಗಳನ್ನು ಗಮನಿಸಿರಿ.

ಗಾಜು ಬಣ್ಣವಿಲ್ಲದೆ ಪಾರದರ್ಶಕವಾಗಿರಲಿ, ಗಷ್ಟು ಕಾಣಬೇಕಲ್ಲವೇ? ಒಂದು ಸೀಸೆ ದ್ರಾಕ್ಷಾರಸ 750 ಮಿಲಿಲೀಟರ್; ಹೂಜಿ ಒಂದೂವರೆ ಲೀಟರಿನದಾದರೆ ಅರ್ಧ ತುಂಬಿ ಗಾಳಿಗೆ ಅಗಲವಾದ ಮೇಲ್ಮೈ ಸಿಗುತ್ತದೆ. ಬಾಯಿ ಕೈ ಅಥವಾ ಕುಂಚ ಒಳಹೋಗುವಷ್ಟು ಅಗಲವಿರಲಿ. ಹಂಸದ ಕೊರಳಿನಂತೆ ಬಳುಕುವ ಆಕಾರಗಳು ನೋಡಲು ಚೆಂದ, ತೊಳೆಯಲು ಪೀಡೆ. ತಳ ಸಮತಟ್ಟಾಗಿ ಭದ್ರವಾಗಿರಲಿ. ‘ಸ್ಫಟಿಕ’ ಎಂಬ ಹೆಸರಿದ್ದರೆ ಸೀಸರಹಿತವೆಂಬ ಒಕ್ಕಣೆ ಇದೆಯೇ ಎಂದು ನೋಡಿರಿ, ಇಲ್ಲವಾದರೆ ಬೇಡ.

ಬಳಸುವಾಗ

ಸೀಸೆಯನ್ನು ಒಂದು ದಿನ ಮುಂಚೆಯೇ ಅಲುಗಾಡಿಸದೆ ನೆಟ್ಟಗೆ ನಿಲ್ಲಿಸಿರಿ. ಬಡಿಸುವ ಹೊತ್ತಿಗೆ ಅದರ ಕೊರಳಿನ ಹಿಂದೆ ಮೊಂಬತ್ತಿ ಅಥವಾ ಟಾರ್ಚ್ ಇರಿಸಿ, ಒಂದೇ ಧಾರೆಯಾಗಿ ನಿಧಾನವಾಗಿ ಹೂಜಿಗೆ ಇಳಿಸಿರಿ. ನಡುವೆ ಸೀಸೆಯನ್ನು ಎತ್ತಿ ನಿಲ್ಲಿಸಿದರೆ ಗಷ್ಟು ಕದಡುತ್ತದೆ. ಕೊರಳಿನತ್ತ ಬಗ್ಗಡದ ಗೆರೆ ಕಾಣಿಸಿಕೊಂಡ ಕೂಡಲೇ ನಿಲ್ಲಿಸಿ, ಉಳಿದ ಸ್ವಲ್ಪವನ್ನು ತ್ಯಜಿಸಿರಿ. ಗಷ್ಟು ಹೆಚ್ಚಿದ್ದರೆ ಆಲಿಕೆಗೆ ಒಗೆದ ತೆಳುವಾದ ಹತ್ತಿ ಬಟ್ಟೆ ಹಾಸಿ ಸೋಸಬಹುದು. ಹುದುಗು ಇನ್ನೂ ಏಳುತ್ತಿರುವ ಪಾನೀಯವನ್ನು ಹೂಜಿಗೆ ತುಂಬಿ ಬಿರಡೆ ಬಿಗಿಯಬಾರದು. ಒಳಗಿನ ಅನಿಲದ ಒತ್ತಡಕ್ಕೆ ಗಾಜು ಸಿಡಿಯಬಹುದು.

ಬಳಸಿದ ಕೂಡಲೇ ಉಗುರುಬೆಚ್ಚನೆಯ ನೀರಿನಿಂದ ತೊಳೆಯಿರಿ. ಸಾಬೂನಿನ ವಾಸನೆ ಗಾಜಿನಲ್ಲಿ ಉಳಿದು ರುಚಿ ಕೆಡಿಸುವುದರಿಂದ ಅದು ಬೇಡ. ಕಲೆ ಬಿದ್ದಿದ್ದರೆ ಒಂದು ಹಿಡಿ ಅಕ್ಕಿ, ಸ್ವಲ್ಪ ವಿನಿಗರ್, ನೀರು ಹಾಕಿ ಮೆಲ್ಲಗೆ ಕುಲುಕಿರಿ. ಅಕ್ಕಿಯ ಕಾಳುಗಳು ಒಳಮೈಯನ್ನು ಉಜ್ಜಿ ಶುಭ್ರಗೊಳಿಸುತ್ತವೆ. ಬಳಿಕ ಬಟ್ಟೆಯ ಮೇಲೆ ತಲೆಕೆಳಗಾಗಿ ಒಣಗಿಸಿರಿ.

ಪೀಠಕ್ಕೂ ಮನೆಗೂ ವ್ಯತ್ಯಾಸ

ಧರ್ಮಕೇಂದ್ರಕ್ಕೆ ಗಾಜಿನ ಪಾತ್ರೆಯನ್ನು ಕಾಣಿಕೆ ಕೊಡುವ ಆಸೆ ಇರುವವರು ಮೊದಲು ಗುರುಗಳನ್ನು ಕೇಳುವುದು ಉಚಿತ. ಕಾಣಿಕೆಯ ದ್ರಾಕ್ಷಾರಸವನ್ನು ಪೀಠಕ್ಕೆ ತರುವ ಪುಟ್ಟ ಸೀಸೆಗಳು ಗಾಜಿನವೇ ಆಗಿರುವುದುಂಟು. ಆದರೆ ಪ್ರಭುವಿನ ರಕ್ತವನ್ನು ಧರಿಸುವ ಪೂಜಾಪಾತ್ರೆ ಸುಲಭವಾಗಿ ಒಡೆಯುವ ಗಾಜಿನದಾಗಬಾರದೆಂದೂ, ಪ್ರತಿಷ್ಠೆಯ ಬಳಿಕ ಒಂದು ಪಾತ್ರೆಯಿಂದ ಮತ್ತೊಂದಕ್ಕೆ ಸುರಿಯಬಾರದೆಂದೂ 2004ರಲ್ಲಿ ರೋಮಿನಿಂದ ಹೊರಟ ‘ರೆದೆಂಪ್ಸಿಯೋನಿಸ್ ಸಾಕ್ರಮೆಂತುಮ್’ ಸೂಚನಾಪತ್ರ ಸ್ಪಷ್ಟಪಡಿಸಿದೆ. ಮನೆಯ ಹೂಜಿ ಮನೆಗೇ ಸಲ್ಲತಕ್ಕದ್ದು.

ಅಲ್ಲಿಯೂ ಮಿತಿ ಬೇಕು. ತಿಮೊಥೇಯನಿಗೆ ಹೊಟ್ಟೆಯ ಬಾಧೆಗಾಗಿ ಸ್ವಲ್ಪ ದ್ರಾಕ್ಷಾರಸ ಸೇವಿಸಲು ಹೇಳಿದ ಸಂತ ಪೌಲರೇ ಎಫೆಸದವರನ್ನು ಕುಡಿತದ ಅಮಲಿನ ವಿರುದ್ಧ ಎಚ್ಚರಿಸಿದ್ದಾರೆ. ಕುಡಿತದಿಂದ ನೊಂದವರು ಮನೆಯಲ್ಲಿದ್ದರೆ ಹೂಜಿಯಲ್ಲಿ ಬರಿಯ ದ್ರಾಕ್ಷಿರಸವೇ ಇರಲಿ. ಹಬ್ಬಕ್ಕೆ ಅದರಿಂದ ಕೊರತೆಯೇನೂ ಆಗದು. ದ್ರಾಕ್ಷಾರಸದ ತಯಾರಿಕೆಗೂ ಮಾರಾಟಕ್ಕೂ 1965ರ ಕರ್ನಾಟಕ ಅಬಕಾರಿ ಕಾಯಿದೆಯ ಕಟ್ಟಳೆಗಳುಂಟು. ಪರವಾನಗಿಯಿಲ್ಲದೆ ಮಾರುವುದು ಅಪರಾಧವೆಂಬುದನ್ನು ಮರೆಯಲಾಗದು.

ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿ ಬಳಸಿದ್ದು ಬೆಳ್ಳಿಯ ಪಾತ್ರೆಗಳನ್ನಲ್ಲ, ಶುದ್ಧೀಕರಣದ ನೀರಿಗಾಗಿ ಇರಿಸಿದ್ದ ಆರು ಕಲ್ಲಿನ ಬಾನೆಗಳನ್ನು. ಔತಣದ ಮೇಲ್ವಿಚಾರಕ ಪಾತ್ರೆಯನ್ನು ಹೊಗಳಲಿಲ್ಲ, ಒಳಗಿದ್ದುದನ್ನು ಹೊಗಳಿದ. ನಮ್ಮ ಹಬ್ಬದ ಮೇಜಿನ ಹೂಜಿಯೂ ಸರಳವಾಗಿರಲಿ, ಶುಭ್ರವಾಗಿರಲಿ, ಯಾರಿಗೂ ಹಾನಿಯಾಗದಂತಿರಲಿ.